ಥ್ರೋಟ್‌ಬುಷ್ 600 ಗಂಟೆಗೇ ಕೈಕೊಡುವ ಸ್ಲರಿ ಪಂಪು: ಒಂದು ಪ್ರಕರಣದ ಪೂರ್ತಿ ಲೆಕ್ಕ

ಬಾಲ್ ಮಿಲ್ಲಿನಿಂದ (ಉಕ್ಕಿನ ಗುಂಡುಗಳಿಂದ ಅದಿರನ್ನು ಅರೆಯುವ ಯಂತ್ರ) ಹೊರಬೀಳುವ ಅದಿರಿನ ಸ್ಲರಿಯನ್ನು, ಅಂದರೆ ಅರೆದ ಅದಿರು ಬೆರೆತ ನೀರನ್ನು, ಸಂಪಿನಿಂದ (ಅದು ಬಂದು ಬೀಳುವ ತೊಟ್ಟಿ) ಎತ್ತಿ, ಕಣಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಸೈಕ್ಲೋನ್‌ಗಳಿಗೆ ತಳ್ಳುವ ಪಂಪಿನಷ್ಟು ಕಷ್ಟದ ಕೆಲಸ ಬೇರೆ ಪಂಪುಗಳಿಗೆ ಇರುವುದು ಅಪರೂಪ. ಮರಳು ಒರಟು, ಸಾಂದ್ರತೆ ಹೆಚ್ಚು, ಓಟ ಹಗಲೂ ರಾತ್ರಿ. ಇಲ್ಲಿ ಬಿಡಿಸಿ ನೋಡುತ್ತಿರುವುದು ಅಂಥ ಒಂದು ಪಂಪಿನ ಸ್ಥಿತಿಯನ್ನು. ಇದು ಯಾವುದೋ ಒಂದು ಸ್ಥಾವರದ ದಾಖಲೆಯಲ್ಲ. ಇಂಥ ಸರ್ಕ್ಯೂಟ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆಗೆ ಒಂದಕ್ಕೊಂದು ತಾಳೆಯಾಗುವ ಅಂಕಿಗಳನ್ನು ಕೊಟ್ಟು ಕಟ್ಟಿದ ಮಾದರಿ ಪ್ರಕರಣ. ನಿಮ್ಮ ಪಂಪಿನ ಅಂಕಿಗಳನ್ನು ಇದರಲ್ಲಿಟ್ಟರೂ ಲೆಕ್ಕ ಸಾಗುವ ದಾರಿ ಇದೇ.

ಪಂಪು ಇರುವ ಸ್ಥಿತಿ

ಗಂಟೆಗೆ 600 ಘನ ಮೀಟರ್ ಸ್ಲರಿ. ಅದಿರಿನಲ್ಲಿ ಸ್ಫಟಿಕ ಶಿಲೆಯ ಅಂಶ ಹೆಚ್ಚು, ಘನವಸ್ತುವಿನ ಸಾಪೇಕ್ಷ ಸಾಂದ್ರತೆ 2.8, ತೂಕದಲ್ಲಿ ಘನಾಂಶ 55%. ಇದರಿಂದ ಸ್ಲರಿಯ ಸಾಂದ್ರತೆ 1.547, ಗಾತ್ರದಲ್ಲಿ ಘನಾಂಶ ಸುಮಾರು 30%. ಅರ್ಧದಷ್ಟು ಕಣಗಳು 0.3 ಮಿ.ಮೀ.ಗಿಂತ ಸಣ್ಣವು. ದೊಡ್ಡ ಕಣ 6 ಮಿ.ಮೀ. ಮೀರಬಾರದು ಎಂಬುದು ವಿನ್ಯಾಸದ ಮಾತು, ಆದರೆ ಮಿಲ್ಲಿನ ಬಾಯಲ್ಲಿ ತಿರುಗುವ ಜರಡಿಯ, ಅಂದರೆ ಟ್ರಾಮೆಲ್ ಜಾಲರಿಯ ಒಂದು ಫಲಕ ಹರಿದಿದೆ. ಅಲ್ಲಿಂದ ಉಕ್ಕಿನ ಗುಂಡಿನ ಚೂರುಗಳೂ ಸಂಪಿಗೆ ಬೀಳುತ್ತಿವೆ.

ಪಂಪಿನೊಳಗೆ ತಿರುಗಿ ಸ್ಲರಿಯನ್ನು ತಳ್ಳುವ ಚಕ್ರದ, ಅಂದರೆ ಇಂಪೆಲರಿನ ವ್ಯಾಸ 760 ಮಿ.ಮೀ., ಒಳಭಾಗಗಳೆಲ್ಲ 27% ಕ್ರೋಮಿಯಂ ಇರುವ ಬಿಳಿ ಎರಕದ ಕಬ್ಬಿಣ. 1480 ಸುತ್ತಿನ 250 ಕಿಲೋವ್ಯಾಟ್ ಮೋಟಾರು, ಅದರ ಮೇಲೆ 250 ಮಿ.ಮೀ. ಪುಲ್ಲಿ, ಪಂಪಿನ ಮೇಲೆ 500 ಮಿ.ಮೀ. ಪುಲ್ಲಿ. ಅಂದರೆ ಪಂಪು ನಿಮಿಷಕ್ಕೆ 740 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಪಂಪಿನ ಅತ್ಯುತ್ತಮ ದಕ್ಷತೆಯ ಹರಿವು ಗಂಟೆಗೆ 1000 ಘನ ಮೀಟರ್. ಮುಂದೊಂದು ದಿನ ಉತ್ಪಾದನೆ ಹೆಚ್ಚಿಸುವ ಯೋಚನೆಯಿಂದ ಮೊದಲೇ ದೊಡ್ಡ ಪಂಪು, ಮೊದಲೇ ಹೆಚ್ಚಿನ ವೇಗ.

ಬಿಡಿಭಾಗಗಳ ಬಾಳಿಕೆ ಹೀಗಿದೆ: ಥ್ರೋಟ್‌ಬುಷ್ (ಸ್ಲರಿ ಒಳಬರುವ ಬದಿಯಲ್ಲಿ ಇಂಪೆಲರಿಗೆ ಎದುರಾಗಿರುವ ಲೈನರ್) 600 ಗಂಟೆ, ಇಂಪೆಲರ್ 900 ಗಂಟೆ, ವಾಲ್ಯೂಟ್ ಲೈನರ್ (ಇಂಪೆಲರನ್ನು ಸುತ್ತುವರಿದ ಸುರುಳಿ ಕವಚದ ಒಳಪದರ) 1800 ಗಂಟೆ. ಮೂರೂ ಬೇರೆ ಬೇರೆ ಹೊತ್ತಿಗೆ ಮುಗಿಯುವುದರಿಂದ ಮಿಲ್ಲು ಮೂರು ಬಗೆಯ ಕಾರಣಕ್ಕೆ ನಿಲ್ಲುತ್ತದೆ. ಗ್ಲಾಂಡ್ ಪ್ಯಾಕಿಂಗ್ (ಶಾಫ್ಟಿನ ಸುತ್ತ ಸೋರಿಕೆ ತಡೆಯುವ ತುಂಬು) ಮತ್ತು ಶಾಫ್ಟ್ ಸ್ಲೀವ್‌ಗಳ (ಅಲ್ಲಿ ಶಾಫ್ಟಿಗೆ ತೊಡಿಸಿದ ಕೊಳವೆ) ಕಾಟ ಬೇರೆ.

ಬಿಚ್ಚಿದ ಭಾಗಗಳನ್ನು ಓದುವುದು

ಸವೆದ ಭಾಗವನ್ನು ಗುಜರಿಗೆ ಎಸೆಯುವ ಮುಂಚೆ ತೊಳೆದು, ಒಣಗಿಸಿ, ನೆಲದ ಮೇಲೆ ಇಟ್ಟು ನೋಡಬೇಕು. ಪಂಪಿನೊಳಗೆ ಸ್ಲರಿ ಹೇಗೆ ಹರಿಯಿತು ಎಂಬುದನ್ನು ಲೋಹವೇ ಬರೆದಿಟ್ಟಿರುತ್ತದೆ. ಲೈನರನ್ನು ಗಡಿಯಾರದ ಮುಖದಂತೆ ಹನ್ನೆರಡು ಭಾಗ ಮಾಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪ್ರತಿ ಗೆರೆಯ ಮೇಲೂ ಉಳಿದ ದಪ್ಪವನ್ನು ಹೊರಕ್ಯಾಲಿಪರ್‌ನಿಂದ ಅಳೆಯಬೇಕು. ತೂಕ ನೋಡುವುದೂ ಒಳ್ಳೆಯದೇ, ಆದರೆ ತೂಕ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಈ ಪ್ರಕರಣದ ಥ್ರೋಟ್‌ಬುಷ್ ಹೊರಬಂದಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ತೂಕ ಹಾಗೇ ಇದೆ. ಅದನ್ನು ಕೊಂದದ್ದು ಒಂದೇ ಒಂದು ಉಂಗುರದಾಕಾರದ ಕೊರಕಲು: 50 ಮಿ.ಮೀ. ದಪ್ಪದಲ್ಲಿ 40 ಮಿ.ಮೀ. ಆಳ.

ಈ ಕೊರಕಲು ಇಂಪೆಲರಿನ ಕಣ್ಣಿಗೆ (ಸ್ಲರಿ ಒಳಬರುವ ನಡುವಿನ ಬಾಯಿ) ಹತ್ತಿರ, ಮುಂಬದಿಯ ತಟ್ಟೆಗೆ ಎದುರಾಗಿದೆ. ಅದರ ಕಾರಣ ಹೀಗೆ. ವಾಲ್ಯೂಟಿನೊಳಗೆ ಒತ್ತಡ ಹೆಚ್ಚು, ಕಣ್ಣಿನ ಬಳಿ ಕಡಿಮೆ. ನಡುವೆ ಇರುವುದು ಇಂಪೆಲರ್ ತಟ್ಟೆಗೂ ಥ್ರೋಟ್‌ಬುಷ್‌ಗೂ ನಡುವಿನ ಸಣ್ಣ ಸಂದು. ಸ್ಲರಿ ಆ ಸಂದಿನಲ್ಲಿ ಹಿಂದಕ್ಕೆ ನುಗ್ಗುತ್ತದೆ. ಇಂಪೆಲರಿನ ಹೊರಮೈ ಮೇಲಿನ ಎಕ್ಸ್‌ಪೆಲಿಂಗ್ ವೇನ್‌ಗಳು (ಸಣ್ಣ ಅಲಗುಗಳು) ಅದನ್ನು ಹೊರಕ್ಕೆ ತಳ್ಳಲು ಹೆಣಗುತ್ತವೆ. ಎರಡರ ನಡುವೆ ಸಿಕ್ಕಿಕೊಂಡ ಮರಳು ಒರಳಿನಲ್ಲಿ ಸಿಕ್ಕಂತೆ ಅಲ್ಲೇ ಸುತ್ತುತ್ತಾ ಎರಡೂ ಮೈಗಳನ್ನು ಅರೆಯುತ್ತದೆ. ಸಂದು ಅಗಲವಾದಷ್ಟೂ ಹಿಂದೋಟ ಹೆಚ್ಚು, ಹಿಂದೋಟ ಹೆಚ್ಚಾದಷ್ಟೂ ಸಂದು ಅಗಲ. ವೇನ್‌ಗಳು ಸವೆದು ಮೋಟಾದ ಮೇಲಂತೂ ಅದನ್ನು ತಡೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಥ್ರೋಟ್‌ಬುಷ್ ಸವೆಯುವ ವೇಗ ದಿನದಿಂದ ದಿನಕ್ಕೆ ಏರುತ್ತದೆ. ಕೊನೆಯ ನೂರು ಗಂಟೆಯ ಹಾನಿ ಮೊದಲ ನೂರು ಗಂಟೆಯದಕ್ಕಿಂತ ಎಷ್ಟೋ ಹೆಚ್ಚು.

ವಾಲ್ಯೂಟಿನಲ್ಲಿ ಎದ್ದು ಕಾಣುವ ಕೊರೆತ ಇರುವುದು ಕಟ್‌ವಾಟರ್ ನಾಲಿಗೆಯ (ಹರಿವನ್ನು ಡಿಸ್ಚಾರ್ಜ್, ಅಂದರೆ ಹೊರದಾರಿಯ ಕಡೆಗೆ ತಿರುಗಿಸುವ ಅಂಚು) ಒಳಮೈಯಲ್ಲಿ, ಅಂದರೆ ಇಂಪೆಲರಿನ ಕಡೆಗೆ. ಹೊರಗೆ ಹೋಗುವ ಹರಿವು ಕಡಿಮೆಯಾದಾಗ ಸ್ಲರಿಯ ಒಂದು ಪಾಲು ಡಿಸ್ಚಾರ್ಜ್ ಕಡೆಗೆ ತಿರುಗದೆ ನಾಲಿಗೆಯ ಕೆಳಗಿನಿಂದ ನುಸುಳಿ ಮತ್ತೆ ಸುತ್ತು ಹೊಡೆಯುತ್ತದೆ. ಹೆಚ್ಚು ಹರಿವಿನಲ್ಲಿ ಓಡುವ ಪಂಪಾಗಿದ್ದರೆ ಕೊರೆತ ನಾಲಿಗೆಯ ಆಚೆಬದಿಗೆ, ಡಿಸ್ಚಾರ್ಜ್ ಕುತ್ತಿಗೆಯ ಕಡೆಗೆ ಸರಿಯಬೇಕಿತ್ತು. ಪಂಪು ತನಗೆ ಹೇಳಿಮಾಡಿಸಿದ ಹರಿವಿಗಿಂತ ಬಹಳ ಕಡಿಮೆಗೆ ಓಡುತ್ತಿದೆ ಎಂಬುದಕ್ಕೆ ಇದೊಂದು ಗುರುತೇ ಸಾಕು.

ಇಂಪೆಲರ್ ವೇನ್‌ಗಳ ಒಳತುದಿ ಚೂಪಾಗಿ, ಅಂಕುಡೊಂಕಾಗಿ ಸವೆದಿದೆ. ಅಲ್ಲಲ್ಲಿ ಚಕ್ಕೆ ಎದ್ದಿದೆ. ಚಕ್ಕೆ ಮರಳಿನ ಕೆಲಸವಲ್ಲ, ಗುಂಡಿನ ಚೂರು ಬಡಿದದ್ದು.

ಅಳತೆ

ಟ್ಯಾಕೋಮೀಟರಿನಲ್ಲಿ ವೇಗ, ಮಾರ್ಸಿ ತಕ್ಕಡಿಯಲ್ಲಿ ಸಾಂದ್ರತೆ, ಮ್ಯಾಗ್ನೆಟಿಕ್ ಫ್ಲೋಮೀಟರಿನಲ್ಲಿ ಹರಿವು, ಡಯಾಫ್ರಂ ಸೀಲ್ ಇರುವ ಗೇಜಿನಲ್ಲಿ ಒತ್ತಡ, ಮೋಟಾರಿನ ಆಂಪಿಯರ್, ಜೊತೆಗೆ ಸಂಪಿನಿಂದ ತೆಗೆದ ಮಾದರಿಯ ಜರಡಿ ಪರೀಕ್ಷೆ. ಇಷ್ಟನ್ನೂ ಒಂದೇ ಪಾಳಿಯಲ್ಲಿ, ಮಿಲ್ಲು ಸ್ಥಿರವಾಗಿ ಓಡುತ್ತಿರುವಾಗ ತೆಗೆದುಕೊಳ್ಳಬೇಕು. ಬೇರೆ ಬೇರೆ ದಿನದ ಅಂಕಿಗಳನ್ನು ಜೋಡಿಸಿ ಲೆಕ್ಕ ಹಾಕಿದರೆ ತಾಳೆಯಾಗುವುದಿಲ್ಲ.

ಈ ಪ್ರಕರಣದ ಗುಟ್ಟು ಸಿಗುವುದು ಎರಡು ಗೇಜುಗಳ ನಡುವೆ. ಡಿಸ್ಚಾರ್ಜ್ ಕೊಳವೆಯಲ್ಲಿ ಒಂದು ನೈಫ್ ಗೇಟ್ ವಾಲ್ವ್ (ಚಾಕುವಿನಂಥ ಅಲಗು ಇಳಿದು ಮುಚ್ಚುವ ವಾಲ್ವ್) ಇದೆ. ಅದನ್ನು ಅರ್ಧದಷ್ಟು ಮುಚ್ಚಿಟ್ಟಿದ್ದಾರೆ. ಪೂರ್ತಿ ತೆರೆದರೆ ಪಂಪು ಸಂಪಿಗೆ ಬರುವುದಕ್ಕಿಂತ ಹೆಚ್ಚು ಎಳೆದು, ಸಂಪು ಬರಿದಾಗಿ, ಗಾಳಿ ನುಂಗಿ ಗೊರಗೊರ ಸದ್ದು ಮಾಡುತ್ತದೆ. ಅದನ್ನು ತಪ್ಪಿಸಲು ಪಾಳಿಯವರು ಕಂಡುಕೊಂಡ ದಾರಿ ಇದು. ಅವರ ತಪ್ಪೇನಿಲ್ಲ, ಕೈಗೆ ಸಿಕ್ಕ ಒಂದೇ ಹತೋಟಿ ಅದಾಗಿತ್ತು. ವಾಲ್ವಿನ ಮುಂದೆ ಮತ್ತು ಹಿಂದೆ ಒತ್ತಡ ಅಳೆದರೆ ವ್ಯತ್ಯಾಸ ಸುಮಾರು 240 ಕಿಲೋಪಾಸ್ಕಲ್.

ಈಗ ಎತ್ತರದ ಲೆಕ್ಕ. ಸಂಪಿನ ಮಟ್ಟದಿಂದ ಸೈಕ್ಲೋನ್‌ವರೆಗೆ 14 ಮೀಟರ್. ಸೈಕ್ಲೋನ್ ಬಾಯಲ್ಲಿ ಬೇಕಾದ 100 ಕಿಲೋಪಾಸ್ಕಲ್ ಎಂದರೆ ಈ ಸಾಂದ್ರತೆಯ ಸ್ಲರಿಯಲ್ಲಿ 6.6 ಮೀಟರ್. ಕೊಳವೆ ಮತ್ತು ಬಾಗುಗಳ ಘರ್ಷಣೆಗೆ 4.4 ಮೀಟರ್. ಒಟ್ಟು 25 ಮೀಟರ್ ಸ್ಲರಿ ಹೆಡ್ (ಪಂಪು ಕೊಡುವ ಒತ್ತಡವನ್ನು ಎತ್ತರವಾಗಿ ಹೇಳುವ ಅಳತೆ) ಸಾಕು. ಸ್ಲರಿಯಲ್ಲಿ ಪಂಪು ನೀರಿನಲ್ಲಿ ಕೊಡುವಷ್ಟು ಹೆಡ್ ಕೊಡುವುದಿಲ್ಲ. ಈ ಕಣಗಾತ್ರ ಮತ್ತು ಸಾಂದ್ರತೆಗೆ 0.8ರ ಅನುಪಾತ ಹಿಡಿದರೆ, ನೀರಿನ ಕರ್ವ್ (ಯಾವ ಹರಿವಿಗೆ ಎಷ್ಟು ಹೆಡ್ ಎಂದು ತೋರಿಸುವ ರೇಖೆ) ಮೇಲೆ ಬೇಕಾದದ್ದು ಸುಮಾರು 31 ಮೀಟರ್. ಆದರೆ 740 ಸುತ್ತಿನಲ್ಲಿ, 600 ಘನ ಮೀಟರ್ ಹರಿವಿಗೆ ಕರ್ವ್ ತೋರಿಸುವುದು 51 ಮೀಟರ್. ಸ್ಲರಿಯಲ್ಲಿ ಅದು ಸುಮಾರು 41 ಮೀಟರ್. ಹೆಚ್ಚಾದ 16 ಮೀಟರ್ ಹೆಡ್ಡನ್ನು ಅರ್ಧ ಮುಚ್ಚಿದ ವಾಲ್ವ್ ತಿಂದುಹಾಕುತ್ತಿದೆ. ಗೇಜಿನ 240 ಕಿಲೋಪಾಸ್ಕಲ್ ಇದೇ.

ಪಂಪಿನ ದಕ್ಷತೆ ಸ್ಲರಿಯಲ್ಲಿ 55% ಎಂದುಕೊಂಡರೆ ಶಾಫ್ಟಿನಲ್ಲಿ 188 ಕಿಲೋವ್ಯಾಟ್ ಖರ್ಚಾಗುತ್ತಿದೆ. ಕೆಲಸಕ್ಕೆ ಬೇಕಾದದ್ದು 115. ಉಳಿದ 73 ಕಿಲೋವ್ಯಾಟ್ ಹೋಗುತ್ತಿರುವುದು ಪಂಪನ್ನೂ ವಾಲ್ವನ್ನೂ ಸವೆಸಲಿಕ್ಕೆ.

ಲೋಹ ಬದಲಿಸುವ ಆಸೆ

ಸವೆತ ಕಂಡ ಕೂಡಲೇ ಮೊದಲು ಹೊಳೆಯುವುದು "ಇನ್ನೂ ಗಟ್ಟಿ ಲೋಹ ಹಾಕೋಣ" ಎಂಬ ಮಾತು. ಈ ಪಂಪಿಗೆ ಅದು ಮೊದಲ ಮದ್ದಲ್ಲ. ಹೈ ಕ್ರೋಮ್ ಕಬ್ಬಿಣದ ಬಲ ಇರುವುದು ಅದರೊಳಗಿನ ಕ್ರೋಮಿಯಂ ಕಾರ್ಬೈಡ್ ಕಣಗಳಲ್ಲಿ. ಅವುಗಳ ಗಡಸುತನ ವಿಕರ್ಸ್ ಮಾಪಕದಲ್ಲಿ ಸುಮಾರು 1200ರಿಂದ 1800. ಸ್ಫಟಿಕ ಶಿಲೆ ಸರಿಸುಮಾರು 1100. ಕಾರ್ಬೈಡನ್ನು ಮರಳು ಗೀರಲಾರದು, ಆದರೆ ಅದನ್ನು ಹಿಡಿದುಕೊಂಡಿರುವ ಸುತ್ತಲಿನ ಲೋಹ ಮರಳಿಗಿಂತ ಮೆತ್ತಗೆ. ಮರಳು ಅದನ್ನು ಕೆರೆದು ತೆಗೆದ ಮೇಲೆ ಆಸರೆ ತಪ್ಪಿದ ಕಾರ್ಬೈಡ್ ತಾನಾಗೇ ಉದುರುತ್ತದೆ. ಕಾರ್ಬೈಡ್ ಪ್ರಮಾಣ ಹೆಚ್ಚಿರುವ ಇನ್ನೂ ಗಟ್ಟಿ ಎರಕಗಳಿವೆ. ಅವು ಪೆಡಸು, ಏಟಿಗೆ ಒಡೆಯುವಂಥವು. ಗುಂಡಿನ ಚೂರು ಬಡಿಯುವ ಪಂಪಿನಲ್ಲಿ ಅವು ಸವೆಯುವ ಮುಂಚೆಯೇ ಬಿರಿಯುವ ಅಪಾಯವಿದೆ.

ಬಡಿಯುವ ಕೋನವೂ ಮುಖ್ಯ. ಮೆದು ಲೋಹಗಳು ಹೆಚ್ಚು ಸವೆಯುವುದು ಕಣ ಓರೆಯಾಗಿ, ಸುಮಾರು 15ರಿಂದ 30 ಡಿಗ್ರಿಯಲ್ಲಿ ಉಜ್ಜಿದಾಗ. ಪೆಡಸು ವಸ್ತುಗಳು ಹೆಚ್ಚು ಸವೆಯುವುದು ನೇರ ಬಡಿದಾಗ. ಮೆದು ಲೋಹದ ಓರೆ ಕೊರೆತವನ್ನು 1960ರಲ್ಲಿ ಇಯಾನ್ ಫಿನ್ನಿ ಗಣಿತದಲ್ಲಿ ಕೂರಿಸಿ ತೋರಿಸಿದರು. ಒಂದೇ ಪಂಪಿನೊಳಗೆ ಎರಡೂ ಬಗೆಯ ಹೊಡೆತ ಇರುತ್ತದೆ: ಲೈನರ್ ಹೊಟ್ಟೆಯಲ್ಲಿ ಉಜ್ಜಾಟ, ವೇನ್ ತುದಿಯಲ್ಲಿ ನೇರ ಏಟು. ಹಾಗಾಗಿ ಒಂದು ವಸ್ತು ಎಲ್ಲ ಭಾಗಕ್ಕೂ ಒಗ್ಗಬೇಕೆಂದಿಲ್ಲ.

ರಬ್ಬರು? ಸಣ್ಣ, ಉರುಟು ಕಣಗಳಿಗೆ ನೈಸರ್ಗಿಕ ರಬ್ಬರಿಗೆ ಸಾಟಿಯಾದ ಲೈನರ್ ಇಲ್ಲ. ಕಣ ಬಡಿದಾಗ ತಗ್ಗಿ, ಮತ್ತೆ ಪುಟಿದೇಳುತ್ತದೆ. ಆದರೆ ಚೂಪು ಚೂರು ಅದನ್ನು ಸೀಳುತ್ತದೆ, ಎಣ್ಣೆ ಬಿದ್ದರೆ ಉಬ್ಬುತ್ತದೆ, ತುದಿವೇಗ (ಇಂಪೆಲರಿನ ಹೊರ ಅಂಚು ಸಾಗುವ ವೇಗ) ಹೆಚ್ಚಾದರೆ ಒಳಗೇ ಬಿಸಿಯಾಗಿ ಹಾಳಾಗುತ್ತದೆ. ಅಮೆರಿಕದ ಪಂಪ್ ತಯಾರಕರ ಸಂಘವಾದ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟಿನ 12.1–12.6 ಸ್ಲರಿ ಪಂಪ್ ಮಾನದಂಡ ಕೆಲಸದ ಕಠಿಣತೆಯನ್ನು ನಾಲ್ಕು ವರ್ಗ ಮಾಡುತ್ತದೆ. ಅತಿ ಕಠಿಣವಾದ ನಾಲ್ಕನೇ ವರ್ಗಕ್ಕೆ ಇಂಪೆಲರಿನ ತುದಿವೇಗದ ಮಿತಿ ಲೋಹಕ್ಕೆ ಸೆಕೆಂಡಿಗೆ 28 ಮೀಟರ್, ರಬ್ಬರಿಗೆ 23. ಮಿಲ್ ಡಿಸ್ಚಾರ್ಜ್ ಸಾಮಾನ್ಯವಾಗಿ ಸೇರುವುದು ಈ ವರ್ಗಕ್ಕೇ. ನಮ್ಮ ಪಂಪಿನ ತುದಿವೇಗ 29.5. ಲೋಹದ ಮಿತಿಯನ್ನೇ ಅದು ದಾಟಿದೆ, ಇನ್ನು ರಬ್ಬರಿನ ಮಾತು ಬಂತೆಲ್ಲಿ?

ವೇಗವೇ ಮೂಲ

ಸವೆತ ವೇಗದ ಎರಡರಿಂದ ಮೂರನೇ ಘಾತಕ್ಕೆ ಹೊಂದಿಕೊಂಡು ಏರುತ್ತದೆ. ಘನಾಂಶಕ್ಕಾದರೋ ಹೆಚ್ಚುಕಡಿಮೆ ನೇರ ಅನುಪಾತದಲ್ಲಿ. ಹಾಗಾಗಿ ನೀರು ಬೆರೆಸಿ ಸ್ಲರಿಯನ್ನು ತೆಳು ಮಾಡಿದರೆ ಗಿಟ್ಟುವುದು ಅಲ್ಪ. ಹರಿವೂ ಹೆಚ್ಚಾಗಿ, ಸೈಕ್ಲೋನ್ ವಿಂಗಡಣೆಯೂ ಕೆಡುತ್ತದೆ. ವೇಗ ತಗ್ಗಿಸಿದರೆ ಗಿಟ್ಟುವುದು ಬಹಳ.

ಇಲ್ಲಿ ಒಂದು ಎಚ್ಚರ. ನೋಡಬೇಕಾದದ್ದು ತುದಿವೇಗವನ್ನು, ಬರಿಯ ಸುತ್ತುಗಳನ್ನಲ್ಲ. ಹೆಡ್ ತುದಿವೇಗದ ವರ್ಗಕ್ಕೆ ಕಟ್ಟುಬಿದ್ದಿದೆ. ಅಷ್ಟೇ ಹೆಡ್ ಬೇಕಿದ್ದರೆ ನಿಧಾನ ತಿರುಗುವ ದೊಡ್ಡ ಪಂಪಿನಲ್ಲೂ ತುದಿವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಪ್ರಕರಣದಲ್ಲಿ ಲಾಭ ಬರುವುದು ಬೇಡದ ಹೆಡ್ಡನ್ನು ಬಿಟ್ಟುಕೊಡುವುದರಿಂದ. ಇಂಪೆಲರನ್ನು ಕಡೆದು ಸಣ್ಣ ಮಾಡಿಯೂ ಹೆಡ್ ಇಳಿಸಬಹುದು, ಆದರೆ ಸ್ಲರಿ ಪಂಪಿನಲ್ಲಿ ಹಾಗೆ ಮಾಡಿದರೆ ತಟ್ಟೆಯ ಮತ್ತು ಎಕ್ಸ್‌ಪೆಲಿಂಗ್ ವೇನಿನ ಹೊರ ಅಂಚೇ ಹೋಗಿ ಹಿಂದೋಟಕ್ಕೆ ದಾರಿ ಸಲೀಸಾಗುತ್ತದೆ. ಪೂರ್ತಿ ವ್ಯಾಸ ಉಳಿಸಿಕೊಂಡು ಸುತ್ತು ಇಳಿಸುವುದೇ ಸರಿ.

25 ಮೀಟರ್ ಸ್ಲರಿ ಹೆಡ್ಡಿಗೆ ಹೊಂದುವ ವೇಗ 587 ಸುತ್ತು, ತುದಿವೇಗ 23.4. ವೇಗದ ಅನುಪಾತ 0.793. ಸವೆತಕ್ಕೆ 2.5ನೇ ಘಾತ ಹಿಡಿದರೆ 0.56, ಅಂದರೆ ಸವೆತ ಅರ್ಧಕ್ಕಿಂತ ತುಸು ಮೇಲೆ. ಸಂದಿನಲ್ಲಿ ಸ್ಲರಿಯನ್ನು ಹಿಂದಕ್ಕೆ ನೂಕುವ ಒತ್ತಡವೂ 0.63ಕ್ಕೆ ಇಳಿಯುತ್ತದೆ. ಅತ್ಯುತ್ತಮ ದಕ್ಷತೆಯ ಹರಿವು 1000ದಿಂದ 793ಕ್ಕೆ ಬಂದು, 600 ಘನ ಮೀಟರ್ ಅದರ 60% ಇದ್ದದ್ದು 76% ಆಗುತ್ತದೆ. ನಾಲಿಗೆಯ ಕೆಳಗಿನ ಸುತ್ತಾಟಕ್ಕೆ ಇದೇ ಮದ್ದು.

ಬದಲಾವಣೆ, ಇದೇ ಕ್ರಮದಲ್ಲಿ

ಮೊದಲು ಟ್ರಾಮೆಲ್ ಫಲಕ. ಗುಂಡಿನ ಚೂರು ಬರುತ್ತಿರುವವರೆಗೆ ಪಂಪಿನಲ್ಲಿ ಏನು ಮಾಡಿದರೂ ಫಲಿತಾಂಶವನ್ನು ನಂಬಲಾಗದು. ಸಂಪಿನ ತಳದಲ್ಲಿ ಕೂತ ಚೂರುಗಳನ್ನೂ ಬಾಚಿ ತೆಗೆಯಬೇಕು, ಇಲ್ಲದಿದ್ದರೆ ಅವು ವಾರಗಟ್ಟಲೆ ಒಂದೊಂದಾಗಿ ಮೇಲೆದ್ದು ಬರುತ್ತವೆ.

ಎರಡನೆಯದು ಪುಲ್ಲಿ ಮತ್ತು ವಿಎಫ್‌ಡಿ (ವಿದ್ಯುತ್ತಿನ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಹೊಂದಿಸುವ ಸಾಧನ). ಮೋಟಾರಿಗೆ 265, ಪಂಪಿಗೆ 630 ಮಿ.ಮೀ. ಪುಲ್ಲಿ ಹಾಕಿದರೆ 50 ಹರ್ಟ್ಸ್‌ನಲ್ಲಿ 622 ಸುತ್ತು. ಹೊಸ ಇಂಪೆಲರ್ ಇರುವಾಗ 47 ಹರ್ಟ್ಸ್ ಸುಮಾರಿಗೆ ಇಳಿಸಿ 587ರಲ್ಲಿ ಓಡಿಸುವುದು, ಸವೆಯುತ್ತಾ ಹೆಡ್ ಕುಗ್ಗಿದಂತೆ ಮೇಲಕ್ಕೆ ಏರಿಸುತ್ತಾ ಹೋಗುವುದು. ನೇರವಾಗಿ 587ಕ್ಕೇ ಪುಲ್ಲಿ ಕೂರಿಸಿದರೆ ಸವೆದ ಇಂಪೆಲರಿಗೆ ಏರಲು ಜಾಗವೇ ಇರುವುದಿಲ್ಲ, ಆಗ ಪಾಳಿಯವರು ಮತ್ತೆ ಹಳೆಯ ಪುಲ್ಲಿಯನ್ನೇ ಕೇಳುತ್ತಾರೆ. ಪಂಪಿನ ಪುಲ್ಲಿ ದೊಡ್ಡದಾಗುವುದರಿಂದ ಬೆಲ್ಟಿನ ಉದ್ದ, ರಕ್ಷಣಾ ಕವಚ, ಮೋಟಾರ್ ಹಳಿಯ ಜಾಗ ಮೂರನ್ನೂ ಮೊದಲೇ ನೋಡಿಕೊಳ್ಳಬೇಕು.

ಮೂರನೆಯದು, ವಾಲ್ವನ್ನು ಪೂರ್ತಿ ತೆರೆದು ಹಾಗೇ ಬಿಡುವುದು. ನೈಫ್ ಗೇಟ್ ಇರುವುದು ಮುಚ್ಚಲು ಅಥವಾ ತೆರೆಯಲು. ನಡುವೆ ನಿಲ್ಲಿಸಿದರೆ ಅಲಗಿನ ಕೆಳಗೆ ಸ್ಲರಿ ಬಾಣದಂತೆ ಹಾರಿ ಅಲಗನ್ನೂ ಮುಂದಿನ ಕೊಳವೆಯನ್ನೂ ಕೊರೆಯುತ್ತದೆ.

ನಾಲ್ಕನೆಯದು ಸಂಪಿನ ಮಟ್ಟ. ಸಂಪಿನ ಗಾತ್ರ 8 ಘನ ಮೀಟರ್, ಅಂದರೆ 48 ಸೆಕೆಂಡಿನ ಹರಿವು. ಇಷ್ಟು ಚಿಕ್ಕ ಸಂಪಿನಲ್ಲಿ ಮಟ್ಟ ಬೇಗ ಏರಿಳಿಯುತ್ತದೆ. ಮಟ್ಟ ಇಳಿದಾಗ ವಿಎಫ್‌ಡಿ ವೇಗ ತಗ್ಗಿಸುತ್ತದೆ, ಆದರೆ ಅದಕ್ಕೊಂದು ಕೆಳಮಿತಿ ಬೇಕೇ ಬೇಕು. ಡಿಸ್ಚಾರ್ಜ್ ಕೊಳವೆಯ ಒಳವ್ಯಾಸ 250 ಮಿ.ಮೀ., 600 ಘನ ಮೀಟರಿಗೆ ವೇಗ ಸೆಕೆಂಡಿಗೆ 3.4 ಮೀಟರ್. ಡ್ಯುರಾಂಡ್ ಸೂತ್ರದಲ್ಲಿ ಗುಣಾಂಕ 1 ಹಿಡಿದರೆ ಮರಳು ಕೂರತೊಡಗುವ ವೇಗ 2.97. ಅದು ಗಂಟೆಗೆ 525 ಘನ ಮೀಟರಿಗೆ ಸಮ. ಹರಿವು ಅಲ್ಲಿಗಿಳಿಯುವ ಮೊದಲೇ ಸಂಪಿಗೆ ನೀರಿನ ವಾಲ್ವ್ ತೆರೆದುಕೊಳ್ಳುವಂತೆ ಹೊಂದಿಸಬೇಕು. ಸವೆತ ಉಳಿಸಹೋಗಿ ಕೊಳವೆ ಕಟ್ಟಿಕೊಂಡರೆ ಮಿಲ್ಲೇ ನಿಲ್ಲುತ್ತದೆ.

ಗ್ಲಾಂಡಿನ ಕಾಟಕ್ಕೆ ಬೇರೆ ಮದ್ದು ಬೇಕಿಲ್ಲ. ಸ್ಲರಿ ಒಳನುಗ್ಗದಂತೆ ಪ್ಯಾಕಿಂಗಿಗೆ ಕೊಡುವ ಗ್ಲಾಂಡ್ ನೀರು ಬರುತ್ತಿದ್ದದ್ದು 480 ಕಿಲೋಪಾಸ್ಕಲ್‌ನಲ್ಲಿ, ಪಂಪಿನ ಡಿಸ್ಚಾರ್ಜ್ ಒತ್ತಡ 620ರ ಮೇಲೆ. ಒತ್ತಡ ಕಡಿಮೆಯಾದ ನೀರು ಮರಳನ್ನು ತಡೆಯಲಾಗದೆ ಪ್ಯಾಕಿಂಗಿನೊಳಗೆ ಬಿಟ್ಟುಕೊಂಡು, ಮರಳು ಸ್ಲೀವನ್ನು ಕಡೆಯುತ್ತಿತ್ತು. ಹೊಸ ವೇಗದಲ್ಲಿ ಡಿಸ್ಚಾರ್ಜ್ 400ರ ಆಸುಪಾಸಿಗೆ ಇಳಿಯುವುದರಿಂದ ಅದೇ ನೀರು ಈಗ ಮೇಲುಗೈ ಪಡೆಯುತ್ತದೆ.

ಸಂದು ಹೊಂದಿಸುವುದು

ಇದಕ್ಕೆ ಖರ್ಚಿಲ್ಲ, ಆದರೂ ಅತಿ ಹೆಚ್ಚು ಕಡೆಗಣಿಸಲ್ಪಡುವ ಕೆಲಸ ಇದೇ. ವಿದ್ಯುತ್ ಕಡಿದು ಬೀಗ ಹಾಕಿ, ಸಕ್ಷನ್ ಮುಚ್ಚಿ, ಪಂಪನ್ನು ಖಾಲಿ ಮಾಡಬೇಕು. ಬೇರಿಂಗ್ ಜೋಡಣೆಯ ಹಿಡಿಬೋಲ್ಟುಗಳನ್ನು ಸಡಿಲಿಸಿ, ಶಾಫ್ಟನ್ನು ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಹೊಂದಾಣಿಕೆ ಸ್ಕ್ರೂನಿಂದ ಜೋಡಣೆಯನ್ನು ಮುಂದಕ್ಕೆ ತರಬೇಕು. ಇಂಪೆಲರ್ ಥ್ರೋಟ್‌ಬುಷ್‌ಗೆ ತಗುಲಿ ಕೆರೆಯುವ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ತಯಾರಕರ ಕೈಪಿಡಿ ಹೇಳುವಷ್ಟು ಹಿಂದಕ್ಕೆ ಸರಿಸಬೇಕು. ಲೋಹದ ಲೈನರಿಗೆ ಅದು ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು. ಬೋಲ್ಟು ಬಿಗಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡದೆ ಬಿಡಬಾರದು, ಬಿಗಿಯುವಾಗ ಜೋಡಣೆ ಅಲುಗಿರಬಹುದು. ತಿರುಗುವ ದಿಕ್ಕು ತಪ್ಪಿದರೆ ಇಂಪೆಲರ್ ಎಳೆ ಬಿಚ್ಚಿಕೊಂಡು ಲೈನರನ್ನೇ ಒಡೆಯುತ್ತದೆ. ಮೋಟಾರ್ ವೈರು ಬಿಚ್ಚಿ ಹಾಕಿದ ದಿನ ಬೆಲ್ಟ್ ಹಾಕುವ ಮುಂಚೆಯೇ ದಿಕ್ಕು ಪರೀಕ್ಷಿಸಬೇಕು.

ಹೊಸ ಭಾಗ ಹಾಕಿದ ಮೊದಲ 50ರಿಂದ 100 ಗಂಟೆಯೊಳಗೆ ಒಮ್ಮೆ, ಆಮೇಲೆ ಈ ಪಂಪಿಗೆ 200 ಗಂಟೆಗೊಮ್ಮೆ. ಈವರೆಗೆ ಥ್ರೋಟ್‌ಬುಷ್ ಹಾಕಿದ ದಿನ ಇಟ್ಟ ಸಂದನ್ನು ಮತ್ತೆ ಯಾರೂ ಮುಟ್ಟಿಲ್ಲ. ಕೊರಕಲು ಒಂದು ಬದಿಗೆ ಹೆಚ್ಚು ಆಳವಾಗಿದ್ದರೆ, ಅರ್ಧ ಬಾಳಿಕೆಯಲ್ಲಿ ಥ್ರೋಟ್‌ಬುಷ್ಷನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೂ ಲಾಭವಿದೆ.

ಏನನ್ನು ನಿರೀಕ್ಷಿಸಬಹುದು, ಹೇಗೆ ಅಳೆಯುವುದು

ಬಾಳಿಕೆಯನ್ನು ಗಂಟೆಯಲ್ಲಷ್ಟೇ ಬರೆದಿಟ್ಟರೆ ಮಿಲ್ಲು ಅರೆಹೊಟ್ಟೆಯಲ್ಲಿ ಓಡಿದ ದಿನಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಸಾಗಿಸಿದ ಒಣ ಘನವಸ್ತುವಿನ ಟನ್ನಿಗೆ ಎಷ್ಟು ಮಿ.ಮೀ. ಹೋಯಿತು ಎಂಬುದೇ ನ್ಯಾಯವಾದ ಅಳತೆ. ಇಲ್ಲಿ ಗಂಟೆಗೆ 510 ಟನ್ ಘನವಸ್ತು ಹಾಯುತ್ತದೆ. 600 ಗಂಟೆಗೆ 3.06 ಲಕ್ಷ ಟನ್, ಅದಕ್ಕೆ 40 ಮಿ.ಮೀ. ಸವೆತ. ಅಂದರೆ ಲಕ್ಷ ಟನ್ನಿಗೆ 13 ಮಿ.ಮೀ. ವೇಗದ ಇಳಿಕೆಯಿಂದ ಮಾತ್ರ ಇದು 7.3 ಮಿ.ಮೀ.ಗೆ ಬರಬೇಕು. ಘಾತ 2 ಎಂದುಕೊಂಡರೆ ಥ್ರೋಟ್‌ಬುಷ್ ಬಾಳಿಕೆ 950 ಗಂಟೆ, 3 ಎಂದುಕೊಂಡರೆ 1200. ಸಂದು ಹೊಂದಿಸುವುದರಿಂದ, ಹರಿವು ಸರಿಯಾದ ಜಾಗಕ್ಕೆ ಬಂದದ್ದರಿಂದ ಸಿಗುವ ಲಾಭ ಇದರ ಮೇಲೆ. ಅದನ್ನು ಕಾಗದದ ಮೇಲೆ ಲೆಕ್ಕ ಹಾಕಲಾಗದು, ಬಿಚ್ಚಿ ಅಳೆದೇ ನೋಡಬೇಕು.

ಅದೇ ಅನುಪಾತದಲ್ಲಿ ಇಂಪೆಲರ್ 1600 ಗಂಟೆ, ವಾಲ್ಯೂಟ್ 3200 ಗಂಟೆಯ ಹತ್ತಿರ ಬರುತ್ತವೆ. ವಾಲ್ಯೂಟ್ ಇಂಪೆಲರಿನ ಎರಡರಷ್ಟು, ಇದು ಮೊದಲಿಂದಲೂ ಇದ್ದ ಒಳ್ಳೆಯ ಹೊಂದಿಕೆ. ಜೊತೆಗೂಡದೆ ಉಳಿಯುವುದು ಥ್ರೋಟ್‌ಬುಷ್ ಒಂದೇ. ಅದನ್ನು 1600ಕ್ಕೆ ಎಳೆಯಲಾದರೆ ಮಿಲ್ಲನ್ನು ಒಂದೇ ನಿಲುಗಡೆಗೆ ತರಬಹುದು. ಗಟ್ಟಿ ಎರಕದ ಮಾತು ಎತ್ತಲು ತಕ್ಕ ಜಾಗ ಇದು: ಗುಂಡಿನ ಚೂರು ನಿಂತಿದೆ ಎಂದು ಎರಡು ಬಾರಿ ಬಿಚ್ಚಿ ಖಚಿತವಾದ ಮೇಲೆ, ಥ್ರೋಟ್‌ಬುಷ್ ಒಂದನ್ನು ಮಾತ್ರ ಕಾರ್ಬೈಡ್ ಹೆಚ್ಚಿರುವ ಎರಕದಲ್ಲಿ ಹಾಕಿ, ಬೇರೇನನ್ನೂ ಬದಲಿಸದೆ ಲಕ್ಷ ಟನ್ನಿನ ಲೆಕ್ಕ ಹಿಡಿಯುವುದು. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ಯಾರಿಗೂ ತಿಳಿಯುವುದಿಲ್ಲ.